ಸಾಹೇಬರ ಮಗನಿಗೊಂದು ಕುರ್ಚಿ

ಇನ್ವೆಸ್ಟ್‌ಮೆಂಟ್ ಬ್ಯಾಂಕಿಂಗ್‌ಗೆ, ಅಂದರೆ ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ, ಕೊಳ್ಳು-ಮಾರು ಕುದುರಿಸುವ ಕೆಲಸಕ್ಕೆ ಸೇರುವ ಹುಡುಗರಿಗೆಲ್ಲ ಒಂದು ಉಪದೇಶ ತಪ್ಪಿದ್ದಲ್ಲ. ಡೀಲ್ ಇವತ್ತು ಬರುತ್ತೆ, ನಾಳೆ ಹೋಗುತ್ತೆ, ಸಂಬಂಧ ಉಳಿಸ್ಕೊಳ್ಳಿ, ಕ್ಲೈಂಟ್ ವಿಶ್ವಾಸ ಗಳಿಸಿ. ಪಾಪ, ಅದನ್ನು ನಂಬಿಕೊಂಡು ನಮ್ಮ ಔಟರ್ ರಿಂಗ್ ರೋಡಿನ ಹುಡುಗರು ನಡುರಾತ್ರಿವರೆಗೆ ಕ್ಲೈಂಟ್ ಮುಂದಿಡುವ ಪಿಚ್ ಬುಕ್ಕಿನ ಅಕ್ಷರದ ಸೈಜು ಸರಿ ಮಾಡ್ತಾ ಕೂತಿರುತ್ತಾರೆ.

ಅಸಲಿ ದಾರಿ ಗೊತ್ತಿದ್ದವರು ಹಾಂಗ್‌ಕಾಂಗಿನಲ್ಲಿದ್ದರು.

ಅಮೆರಿಕದ ಬ್ಯಾಂಕು ಜೆಪಿ ಮಾರ್ಗನ್‌ನ ಏಷ್ಯಾ ಘಟಕದಲ್ಲಿ 2006ರಿಂದ ಏಳು ವರ್ಷ ಒಂದು ಯೋಜನೆ ನಡೆಯಿತು. ಹೆಸರು ‘ಸನ್ಸ್ ಅಂಡ್ ಡಾಟರ್ಸ್’. ಮುಚ್ಚುಮರೆಯೇ ಇಲ್ಲ, ಬೋರ್ಡ್ ಹಾಕಿಕೊಂಡೇ ಮಾಡಿದ ಹಾಗೆ! ಸರ್ಕಾರಿ ಕಂಪನಿಯ ಸಾಹೇಬರು ನಮ್ಮ ಹುಡುಗನಿಗೂ ಏನಾದ್ರೂ ನೋಡಿ ಅಂದರೆ ಸಾಕು, ಮಾಮೂಲಿ ನೇಮಕದ ಫೈಲು ಪಕ್ಕಕ್ಕೆ, ಹುಡುಗನಿಗೆ ಕುರ್ಚಿ, ಆ ಕಂಪನಿಯ ಡೀಲು ಬ್ಯಾಂಕಿಗೆ ಬರಲಿ ಅಂತ. ಅಧಿಕಾರಿಗಳ ಮಾತಿನ ಮೇಲೆ ಹೀಗೆ ಒಳಗೆ ಬಂದವರು ಸುಮಾರು 100 ಮಂದಿ.

ಇದರಲ್ಲೇನು ಹೊಸದು, ನಮ್ಮಲ್ಲಿ ಸೊಸೈಟಿಯ ಅಟೆಂಡರ್ ಕೆಲಸಕ್ಕೂ ಎಂಎಲ್ಎ ಲೆಟರ್ ಬೇಕಲ್ವಾ ಅನ್ನಬಹುದು. ಇದೆ ಸ್ವಾಮಿ, ವ್ಯತ್ಯಾಸ ಇದೆ. ನಮ್ಮ ವಶೀಲಿ ಎಲ್ಲ ಬಾಯಿ ಮಾತು, ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಮುಗಿದುಹೋಗುತ್ತದೆ, ಸಾಕ್ಷಿ ಅಂದರೆ ಬಡಿಸಿದವನೊಬ್ಬ. ಅವರು ಓದಿದವರು. ಎಕ್ಸೆಲ್ ಶೀಟ್ ಮಾಡಿದರು. ಶಿಫಾರಸಿನ ಮೇಲೆ ಬಂದವರಿಂದ ಬ್ಯಾಂಕಿಗೆ ಎಷ್ಟು ಆದಾಯ ಬಂತು ಅಂತ ಲೆಕ್ಕ ಇಟ್ಟರು. ವಿಶ್ವಾಸಕ್ಕೂ ಒಂದು ಕಾಲಂ! ಮುಂದೆ ತನಿಖೆಗೆ ಬಂದವರಿಗೆ ಕೆಲಸ ಎಷ್ಟು ಹಗುರ ಆಗಿರಬೇಕು, ನೀವೇ ಹೇಳಿ.

ಇನ್ನು ಸಾಹೇಬರ ಮಕ್ಕಳಿಗೆ ಕೊಟ್ಟ ಕೆಲಸ? ಕೆಲವರಿಗೆ ಪ್ರೂಫ್ ನೋಡೋದು. ಸಂಬಳ ಮಾತ್ರ ಕಷ್ಟಪಟ್ಟು ಸೇರಿದ ಹೊಸಬರಷ್ಟೇ. ಕಾಮಾ, ಫುಲ್‌ಸ್ಟಾಪ್ ಹಾಕಲು ಇಷ್ಟು ಕೊಡುವ ಕಡೆ ನಮ್ಮ ಪತ್ರಿಕೆಗಳ ಪ್ರೂಫ್ ರೀಡರುಗಳಿಗೂ ಒಂದು ಅವಕಾಶ ಸಿಗಬೇಕಿತ್ತು, ಆದರೆ ಅವರ ಅಪ್ಪಂದಿರು ಸರ್ಕಾರಿ ಕಂಪನಿ ನಡೆಸುತ್ತಿರಲಿಲ್ಲವಲ್ಲ.

2016ರಲ್ಲಿ ಅಮೆರಿಕದ ಸರ್ಕಾರದವರು ಇದನ್ನು ಲಂಚ ಅಂತಲೇ ಕರೆದರು. ಕೇಸು ಮುಗಿಸಲು ಬ್ಯಾಂಕು ತೆತ್ತದ್ದು ಸುಮಾರು 26.4 ಕೋಟಿ ಡಾಲರ್. ಈ ನೇಮಕಗಳಿಂದ ಬಂದ ಆದಾಯ 10 ಕೋಟಿ ಡಾಲರಿಗಿಂತ ಜಾಸ್ತಿ ಅಂತ ತನಿಖೆಯವರ ಲೆಕ್ಕ. ಊರಿನ ಕಂಪನಿಗಳಿಗೆಲ್ಲ ಲಾಭದ ಪಾಠ ಹೇಳಿ ಫೀಸು ವಸೂಲಿ ಮಾಡುವವರು ಸ್ವಂತ ಸಂಬಂಧದ ವ್ಯಾಪಾರದಲ್ಲಿ ಹೀಗೆ ಕೈ ಸುಟ್ಟುಕೊಂಡರು.

ಇವರೊಬ್ಬರೇ ಅಲ್ಲ ಬಿಡಿ. ಮಧ್ಯಪ್ರಾಚ್ಯದ ಸರ್ಕಾರಿ ನಿಧಿಯ ಅಧಿಕಾರಿಗಳ ನೆಂಟರಿಗೆ ಇಂಟರ್ನ್‌ಶಿಪ್ ಕೊಟ್ಟ ಬಿಎನ್‌ವೈ ಮೆಲನ್ 2015ರಲ್ಲೇ ದಂಡ ಕಟ್ಟಿತ್ತು. 2018ರಲ್ಲಿ ಕ್ರೆಡಿಟ್ ಸ್ವಿಸ್, 2019ರಲ್ಲಿ ಡಾಯ್ಚ ಬ್ಯಾಂಕ್, ಬಾರ್ಕ್ಲೇಸ್. ಎಲ್ಲರದೂ ಇದೇ ಥರದ ಕಥೆ. ಕೇಸು ಮುಗಿಸಿದ ಒಪ್ಪಂದದ ಕಾಗದಗಳೂ ರಾಶಿ ಬಿದ್ದಿರಬೇಕು. ಅದರ ಪ್ರೂಫ್ ಯಾರ ಮಗ ನೋಡಿದನೋ!