ಕುಡಿದಿದ್ದಾನೆ ಎಂದುಕೊಂಡಿದ್ದೆವು

ನಮ್ಮ ಕಾಫಿ ಕಣ ಸಿಮೆಂಟು ಹಾಕಿದ ಸಮತಟ್ಟು ನೆಲ. ಅದರ ಮೇಲೆ ಅಣ್ಣನ ಮಗ, ಇಪ್ಪತ್ತಾರರ ಹುಡುಗ, ಕಾಲು ಅಗಲಿಸಿಕೊಂಡು, ಆಗಷ್ಟೇ ಹೆಜ್ಜೆ ಕಲಿತ ಮಗುವಿನಂತೆ ನಡೆಯುತ್ತಿದ್ದ. ಕಾಫಿ ಎಳೆಯಲು ಹೋದವನು ಹರಡಿದ ಹಣ್ಣಿನ ಮೇಲೆಯೇ ಕುಸಿದು ಕುಳಿತ. ಕೊಯ್ಲಿನ ಹೆಂಗಸರು ನಕ್ಕರು. ಬೆಳಿಗ್ಗೆ ಹತ್ತಕ್ಕೇ ಏರಿಸಿದ್ದಾನೆ ಎಂದು ಗೊಣಗಿದವನು ನಾನೇ. ನಮ್ಮ ಕೊಡಗಿನಲ್ಲಿ ತೂರಾಡುವವನನ್ನು ಕಂಡರೆ ಎರಡನೆಯ ಕಾರಣ ಯಾರಿಗೂ ಹೊಳೆಯುವುದಿಲ್ಲ.

ಅಣ್ಣ ಅವನ ಬಾಯಿ ಮೂಸಿದ. ವಾಸನೆ ಇರಲಿಲ್ಲ. ಆದರೂ ಕಪಾಳಕ್ಕೆ ಬಾರಿಸಿದ. ಹುಡುಗ ಏನೋ ಹೇಳಹೊರಟ, ನಾಲಿಗೆ ತೊದಲಿತು. ಅದಕ್ಕೆ ಇನ್ನೊಂದು ಏಟು ಬಿತ್ತು.

ಹದಿನೈದು ದಿನದಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದೂ ಅವನ ಕೈಲಾಗಲಿಲ್ಲ. ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಜ್ವರ ಬಂದಿತ್ತೇ, ಬಿದ್ದಿದ್ದನೇ, ಕುಡಿಯುತ್ತಾನೆಯೇ ಎಂದೆಲ್ಲ ಕೇಳಿದರು. ಬೇರೆ ಅಭ್ಯಾಸ ಇದೆಯೇ ಎಂದಾಗ ನಾವೆಲ್ಲರೂ ಒಂದೇ ಉಸಿರಿಗೆ ಇಲ್ಲ ಎಂದೆವು. ಅತ್ತಿಗೆ ಮಾತ್ರ ನೆಲ ನೋಡಿದರು. ಅವನು ಊರಿಗೆ ಮರಳಿದ ಹೊಸದರಲ್ಲಿ, ಒಗೆಯಲು ಹಾಕಿದ ಪ್ಯಾಂಟಿನ ಜೇಬಿನಲ್ಲಿ, ಚಪಾತಿ ಸುತ್ತುವಂಥ ಬೆಳ್ಳಿ ಹಾಳೆಯ ತುಂಡುಗಳು ಸಿಕ್ಕಿದ್ದವಂತೆ. ಒಂದೊಂದರ ಮೇಲೂ ಬಸವನಹುಳು ಹರಿದ ಜಾಡಿನಂತೆ ಕಂದು ಗೆರೆ. ಬಚ್ಚಲೊಲೆಗೆ ಹಾಕಿ ಸುಮ್ಮನಾಗಿದ್ದರು.

ಮೈಸೂರಿನ ನರರೋಗ ವೈದ್ಯರು ಎಂಆರ್‌ಐ ನೋಡಿದವರೇ ನಮ್ಮನ್ನೆಲ್ಲ ಹೊರಗೆ ಕಳುಹಿಸಿದರು. ಹುಡುಗ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಿದ. ಹೆರಾಯಿನ್. ಹಾಳೆಯ ಮೇಲಿಟ್ಟು, ಕೆಳಗೆ ಲೈಟರ್ ಹಿಡಿದು, ಏಳುವ ಹೊಗೆಯನ್ನು ಕೊಳವೆಯಲ್ಲಿ ಎಳೆಯುವುದು. "ಸೂಜಿ ಚುಚ್ಚಿಕೊಂಡಿಲ್ಲ ಚಿಕ್ಕಪ್ಪ, ಬರೀ ಹೊಗೆ" ಎಂದು ಆಮೇಲೆ ನನಗೂ ಹೇಳಿದ. ಒಂದೇ ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಬರುತ್ತದೆಂದು ಅವನಿಗೆ ಗೊತ್ತಿತ್ತು. ಓದಿದ ಹುಡುಗ, ತನ್ನ ಲೆಕ್ಕದಲ್ಲಿ ಜಾಣತನವನ್ನೇ ಮಾಡಿದ್ದ.

ಆ ಹೊಗೆಯದೇ ಒಂದು ಕಾಯಿಲೆ ಇದೆ. ಅಪರೂಪದ್ದು, ಸೇದಿದವರಿಗೆಲ್ಲ ಬರುವುದಿಲ್ಲ. ನೆದರ್ಲೆಂಡ್ಸ್‌ನ ವೈದ್ಯರು 1982ರಲ್ಲಿ ಇಂತಹ 47 ರೋಗಿಗಳ ವಿವರ ಪ್ರಕಟಿಸಿದರು, ಅವರಲ್ಲಿ 11 ಮಂದಿ ಸತ್ತಿದ್ದರು. ಮಿದುಳಿನ ಬಿಳಿ ಭಾಗದಲ್ಲಿ, ನರತಂತುಗಳಿಗೆ ಹೊದಿಕೆಯಾಗಿರುವ ಮಯಲಿನ್ ಪದರದೊಳಗೆ ಸಣ್ಣ ಸಣ್ಣ ಪೊಳ್ಳುಗಳೆದ್ದು ಅದು ಸ್ಪಂಜಿನಂತಾಗುತ್ತದೆ. ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ನಡಿಗೆಯ ಹದ ಕಾಯುವ ಕಿರುಮೆದುಳಿಗೆ. ಆದ್ದರಿಂದಲೇ ಆ ತೂರಾಟ, ಆ ತೊದಲು. ಕಾಯಿಸಿದಾಗ ಹುಟ್ಟುವ ಯಾವುದೋ ವಿಷವೋ ಕಲಬೆರಕೆಯೋ, ಖಚಿತ ಕಾರಣ ಸಿಕ್ಕಿಲ್ಲ. ಸೇದುವುದನ್ನು ಬಿಟ್ಟ ಮೇಲೂ ಕೆಲವು ವಾರ ಹದಗೆಡುತ್ತಲೇ ಹೋಗಬಹುದು. ಇವನಿಗೆ ಹಾಗೆಯೇ ಆಯಿತು. ಕೋಎನ್‌ಜೈಮ್ ಕ್ಯೂ10 ಎಂಬ ಪೂರಕವನ್ನು ಕೊಟ್ಟು ನೋಡುತ್ತಾರೆ. ಇದೇ ಮದ್ದು ಎನ್ನುವಂಥದ್ದು ಇಲ್ಲ.

ನನ್ನ ಸಿಟ್ಟು ಹುಡುಗನ ಮೇಲಿಗಿಂತ ನಮ್ಮ 'ಇಲ್ಲ'ದ ಮೇಲೆ. ಹಾಳಾದ ಬಿಳಿ ಭಾಗವನ್ನು ಎಂಆರ್‌ಐ ತೋರಿಸೀತು, ಜೇಬಿನಲ್ಲಿ ಏನಿತ್ತೆಂದು ತೋರಿಸುವುದಿಲ್ಲ. ಪೊಲೀಸರ ಭಯ ಎನ್ನುತ್ತೀರಾ? ಮಾದಕ ವಸ್ತುಗಳ 1985ರ ಕಾಯ್ದೆಯಲ್ಲೇ 64ಎ ಎಂಬ ಕಲಮು ಇದೆ: ಸೇವನೆಗೋ ಅಲ್ಪ ಪ್ರಮಾಣಕ್ಕೋ ಸಿಕ್ಕಿಬಿದ್ದ ವ್ಯಸನಿ, ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ತಾನಾಗಿಯೇ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಉಂಟು. ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ 14446ಕ್ಕೆ ಕರೆ ಮಾಡಿದರೆ ಕಾಸು ಖರ್ಚಿಲ್ಲ. ಇದೊಂದೂ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಯಿ ಬಿಡುತ್ತಿದ್ದೆವೇ? ಅನುಮಾನ. ಪೊಲೀಸರಿಗಿಂತ ನಮಗೆ ಹೆಚ್ಚು ಹೆದರಿಕೆ ಇದ್ದದ್ದು ಪಕ್ಕದ ತೋಟದವರದು.

ಈಗ ಎರಡು ವರ್ಷವಾಗಿದೆ. ಮಾತು ಬಹುಪಾಲು ಮರಳಿದೆ. ಗುಂಡಿ ತಾನೇ ಹಾಕಿಕೊಳ್ಳುತ್ತಾನೆ, ಹೊತ್ತು ಹಿಡಿಯುತ್ತದೆ. ಮೆಣಸು ಕೊಯ್ಯಲು ಏಣಿ ಹತ್ತಬೇಡ ಎಂದರೆ ಮುನಿಸಿಕೊಳ್ಳುತ್ತಾನೆ. ಬರೆಯಿರಿ ಎಂದವನೂ ಅವನೇ. ಅಣ್ಣ ಮಾತ್ರ ಕೇಳಿದವರಿಗೆ ಇಂದಿಗೂ "ನರದ ತೊಂದರೆ" ಎನ್ನುತ್ತಾನೆ. ಸುಳ್ಳೇನೂ ಅಲ್ಲ ಬಿಡಿ.