ಬಾಗಲಕೋಟೆಯ ನವನಗರದಲ್ಲಿ ಫೋಟೋ ತೆಗೆಯೋಕೆ ಏನಿದೆ ಅಂತೀರಾ?

ಮೊನ್ನೆ ಆಲಮಟ್ಟಿ ಹಿನ್ನೀರಿನ ರಾಜಹಂಸಗಳ (ಫ್ಲೆಮಿಂಗೊ) ಒಂದು ಫೋಟೋ ಹಾಕಿದ್ದೆ. ಕೆಳಗೆ ಎಲ್ಲರದೂ ಒಂದೇ ಮಾತು, "ಲೊಕೇಶನ್ ಕಳಸ್ರಿ." ಕಳಿಸಿದೆ. ಒಬ್ಬರು ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ, ಬಿಸಿಲಲ್ಲಿ ಬೆಂದು, ದೂರದಲ್ಲಿ ನಾಲ್ಕು ಬಿಳಿ ಚುಕ್ಕೆ ನೋಡಿ ಬಂದರು. ಬಂದು ನನಗೇ ಬೈದರು. ಬೈದದ್ದು ಸರಿನೇ. ನಾನು ಜಾಗ ಹೇಳಿದ್ದೆ, ಹೊತ್ತು ಹೇಳಿರಲಿಲ್ಲ.

ಬಾಗಲಕೋಟೆಯವರ ಕೈಗೆ ಕ್ಯಾಮೆರಾ ಬಂತು ಅಂದ್ರೆ ಗಾಡಿ ನೇರ ಬಾದಾಮಿ ಕಡೆಗೇ ತಿರುಗುತ್ತದೆ. ತಪ್ಪೇನಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಬೆಳಿಗ್ಗೆ ಹೋದರೆ ಕಲ್ಲು ಬಂಗಾರದ ಹಾಗೆ ಕಾಣುತ್ತದೆ. ಸಂಜೆ ಹೋದರೆ ಮುಂಭಾಗ ನೆರಳು. ಟ್ರೈಪಾಡ್ ಒಯ್ಯಬೇಕಂದ್ರೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಅದು ನೆನಪಿರಲಿ. ಆದರೆ ಅಲ್ಲಿಗೆ ವಾರವಾರ ಹೋಗೋಕಾಗುತ್ತಾ? ನಾನು ಹೇಳೋದು ಆಫೀಸು ಬಿಟ್ಟ ಮೇಲೆ ಸ್ಕೂಟಿ ಮೇಲೆ ಹೋಗಿ ಕತ್ತಲಾಗೋದ್ರೊಳಗೆ ಮನೆ ಮುಟ್ಟೋ ಜಾಗಗಳ ಮಾತು.

ನಮ್ಮ ಸೆಕ್ಟರಿನ ರಸ್ತೆಯನ್ನೇ ತಗೊಳ್ಳಿ. ನವನಗರದಲ್ಲಿ ಏನೂ ಇಲ್ಲ, ಎಲ್ಲ ಒಂದೇ ಥರ ಅಂತ ಎಲ್ಲರ ದೂರು. ಆಲಮಟ್ಟಿ ಅಣೆಕಟ್ಟಿನ ನೀರಲ್ಲಿ ಮನೆ ಮುಳುಗಿದವರಿಗೆ ಅಂತ ಅಳತೆ ಹಿಡಿದು ಕಟ್ಟಿದ ಊರು, ಇರಲಿ ಬಿಡಿ. ಆದರೆ ನೆಟ್ಟಗಿನ ರಸ್ತೆಗೆ ಒಂದು ಉಪಯೋಗ ಇದೆ. ಸೂರ್ಯ ವರ್ಷವಿಡೀ ಒಂದೇ ಕಡೆ ಮುಳುಗುವುದಿಲ್ಲ. ಜೂನ್‌ನಲ್ಲಿ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ದಕ್ಷಿಣಕ್ಕೆ. ಸರಿಯಾಗಿ ಪಶ್ಚಿಮಕ್ಕೆ ಮುಳುಗೋದು ಮಾರ್ಚ್ 21ರ ಆಸುಪಾಸು, ಮತ್ತೆ ಸೆಪ್ಟೆಂಬರ್ 23ರ ಆಸುಪಾಸು. ನಿಮ್ಮ ಮನೆ ಮುಂದಿನ ರಸ್ತೆ ಪೂರ್ವ-ಪಶ್ಚಿಮ ಇದ್ದರೆ ಆ ನಾಲ್ಕೈದು ದಿನ ಸೂರ್ಯ ರಸ್ತೆಯ ತುದಿಗೇ ಬಂದು ಕೂರುತ್ತಾನೆ. ಹಾಲಿನ ಕ್ಯಾನ್ ಕಟ್ಟಿಕೊಂಡ ಸೈಕಲ್ ಒಂದು ಅಡ್ಡ ಬಂದರೆ ಸಾಕು. ನನಗೆ ಇದು ಗೊತ್ತಾಗೋಕೆ ಮೂರು ವರ್ಷ ಬೇಕಾಯ್ತು, ಅದೂ ಕಸದ ಬುಟ್ಟಿ ಹೊರಗಿಡೋಕೆ ಹೋದಾಗ.

ಮುಚಖಂಡಿ ಕೆರೆ ಗೊತ್ತಿರುವ ಜಾಗನೇ. ಗಾಳಿ ಬೀಸದ ಬೆಳಿಗ್ಗೆ ಹೋಗಿ, ನೀರು ಕನ್ನಡಿ ಆಗಿರುತ್ತದೆ. ಹತ್ತು ಗಂಟೆ ಮೇಲೆ ಸುಮ್ನೆ ಪೆಟ್ರೋಲ್ ದಂಡ.

ಈಗ ಹಿನ್ನೀರು. ಇದು ಕೃಷ್ಣಾ ನದಿಯ ಆಲಮಟ್ಟಿ ಜಲಾಶಯದ್ದು. ನಮ್ಮಲ್ಲಿ ಹನಿ ಮಳೆ ಬೀಳದಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದರೆ ಜುಲೈ-ಆಗಸ್ಟ್‌ನಲ್ಲಿ ಅದು ತುಂಬಿ, ಇಲ್ಲಿ ಘಟಪ್ರಭೆಯ ಪಾತ್ರವೂ ಉಬ್ಬುತ್ತದೆ. ಆಗ ತೆಗೆದರೆ ಬರೀ ನೀರು, ಬರೀ ಮೋಡ. ನನಗೆ ಅದು ಅಷ್ಟು ಸೇರುವುದಿಲ್ಲ. ಚಳಿಗಾಲ ಮುಗಿಯುತ್ತಾ ನೀರು ಹಿಂದೆ ಸರಿದಾಗ ನೋಡಬೇಕು. ದಂಡೆಯಲ್ಲಿ ಕೆಸರು, ಕೆಸರಿನ ಆಚೆ ಮೊಳಕಾಲು ನೀರು, ಅಲ್ಲಿ ರಾಜಹಂಸಗಳು. ಕೊಕ್ಕು ತಲೆಕೆಳಗು ಮಾಡಿ ನೀರು ಸೋಸಿ ತಿನ್ನುತ್ತವೆ. ಅವುಗಳ ಗುಲಾಬಿ ಬಣ್ಣ ಬರೋದೂ ತಿನ್ನುವ ಪಾಚಿ, ಸಿಗಡಿಯಿಂದಲೇ. ಆ ಬಣ್ಣ ಫೋಟೋದಲ್ಲಿ ಬರಬೇಕಾದರೆ ಸೂರ್ಯ ನಿಮ್ಮ ಬೆನ್ನಿಗಿರಬೇಕು, ಕೆಳಗಿರಬೇಕು. ಮೊಬೈಲ್ ಆದರೆ ಹಕ್ಕಿಯ ಮೇಲೆ ಬೆರಳು ಒತ್ತಿ ಬೆಳಕು ಸ್ವಲ್ಪ ಇಳಿಸಿ. ಇಲ್ಲಾಂದ್ರೆ ಎಲ್ಲ ಕೊಕ್ಕರೆ ಥರ ಬೆಳ್ಳಗೆ.

ಹತ್ತಿರ ಹೋಗೋ ಆಸೆ ಬೇಡ. ನಾನು ಹೋಗಿದ್ದೆ. ಮೇಲೆ ಒಣಗಿ ಬಿರುಕು ಬಿಟ್ಟ ನೆಲ, ಗಟ್ಟಿ ಇದೆ ಅನ್ಕೊಂಡು ಕಾಲಿಟ್ಟೆ. ಮೊಳಕಾಲವರೆಗೆ ಹೋಯ್ತು. ಕುರಿ ಕಾಯುತ್ತಿದ್ದ ಕಾಕಾ ಒಬ್ಬರು ದೂರದಿಂದಲೇ ಕೂಗಿದರು, "ಏ ತಮ್ಮಾ, ಮ್ಯಾಲ ನೋಡಿ ಕಾಲ ಇಡಬ್ಯಾಡ, ತೆಳಗ ರಾಡಿ ಐತಿ!" ಆಮೇಲೆ ಬಂದು ಕೋಲು ಚಾಚಿ ಎಳೆದರು. ಒಂದು ಚಪ್ಪಲಿ ಅಲ್ಲೇ ಉಳಿಯಿತು. ಹಕ್ಕಿಗಳೆಲ್ಲ ಎದ್ದು ಹಾರಿದವು. ಹಾರಿದ ಫೋಟೋ ಚೆನ್ನಾಗಿ ಬರುತ್ತದೆ ಅಂತ ಬೇಕಂತಲೇ ಚಪ್ಪಾಳೆ ಹೊಡೆದು ಎಬ್ಬಿಸುವವರೂ ಇದ್ದಾರೆ. ಮೇಯುವ ದನವನ್ನು ಹೀಗೆ ಎಬ್ಬಿಸಿದರೆ ಊರವರು ಬಿಡ್ತಾರಾ?

ಇನ್ನೊಂದು ಮಾತು, ಇದಕ್ಕೇ ಇಷ್ಟುದ್ದ ಬರೆದೆ ಅಂದ್ರೂ ನಡೆಯುತ್ತೆ. ನೀರು ಇಳಿದ ಕಾಲಕ್ಕೆ ಹಳೆ ಬಾಗಲಕೋಟೆ ಕಡೆಯ ದಂಡೆಯಲ್ಲಿ, ಮುಳುಗಿಹೋಗಿದ್ದ ಒಂದು ಮನೆಯ ಅಡಿಪಾಯದ ಕಲ್ಲುಗಳು ಕಂಡವು. ಸಂಜೆ ಬೆಳಕು ಓರೆಯಾಗಿ ಬಿದ್ದು ಪ್ರತಿ ಕಲ್ಲಿಗೂ ಉದ್ದ ನೆರಳು. ನನಗೆ ಖುಷಿಯೋ ಖುಷಿ, ನಲವತ್ತು ಫೋಟೋ ತೆಗೆದೆ. ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಅವ್ವ ಬೆಳಕು ನೋಡಲಿಲ್ಲ, ನೆರಳು ನೋಡಲಿಲ್ಲ. ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ, "ಇದು ಯಾರ ಮನಿ ಅಂತ ಗೊತ್ತಾಗವಲ್ದು. ಬಾಜೂಕ ಬಾವಿ ಇತ್ತೇನು?" ಅಂದರು. ನಾನು ಬಾವಿ ನೋಡಿರಲಿಲ್ಲ. ಮುಳುಗಡೆ ಅಂದ್ರೆ ನಮ್ಮ ಮನೆಯಲ್ಲಿ ಪರಿಹಾರದ ಕಾಗದ, ಕೋರ್ಟಿನ ತಾರೀಖು ಇಷ್ಟೇ ಅಂತ ನಾನು ಬೆಳೆದವನು.

ಆಮೇಲಿಂದ ಅಲ್ಲಿ ತೆಗೆಯೋ ರೀತಿ ಬದಲಾಗಿದೆ. ಕಲ್ಲಿನ ಹತ್ತಿರ ಹೋಗಿ ಬರೀ ಆಕಾರ ಹುಡುಕೋದಿಲ್ಲ. ಸುತ್ತ ಏನಿದೆ, ಗಿಡದ ಬೊಡ್ಡೆ ಇದೆಯಾ, ಹಾದಿ ಯಾವ ಕಡೆ ಹೋಗುತ್ತಿತ್ತು, ಅದನ್ನೂ ಸೇರಿಸಿ ತೆಗೆಯುತ್ತೇನೆ. ಫೋಟೋ ಅಷ್ಟು ಚಂದ ಬರುವುದಿಲ್ಲ, ಲೈಕೂ ಕಡಿಮೆ. ಅಲ್ಲಿ ಬಣ್ಣದ ಹೊಗೆ ಬಿಟ್ಟು ಪ್ರಿ-ವೆಡ್ಡಿಂಗ್ ಶೂಟ್ ಮಾಡೋದು ನೋಡಿದ್ರೆ ನನಗೆ ಸಿಟ್ಟು ಬರುತ್ತದೆ. ಜೋಡಿ ಮೇಲೆ ಅಲ್ಲ, ಆ ಕಲ್ಲು ಏನು ಅಂತ ಅವರಿಗೆ ಒಂದು ಮಾತೂ ಹೇಳದ ಫೋಟೋಗ್ರಾಫರ್ ಮೇಲೆ. ಅವನಿಗಾದರೂ ಗೊತ್ತಿರಬೇಕಲ್ವಾ, ಇಲ್ಲೇ ಹುಟ್ಟಿದವನು.

ಮತ್ತೆ ಲೊಕೇಶನ್ ಕೇಳಿದವರಿಗೆ: ಈ ವಾರ ಹೋಗುವವರು ಬೆಳಿಗ್ಗೆ ಆರಕ್ಕೆ ಅಲ್ಲಿರಿ, ಒಣ ನೆಲ ನಂಬಬೇಡಿ, ಹಳೆ ಚಪ್ಪಲಿ ಹಾಕ್ಕೊಂಡು ಹೋಗಿ. ಅಡಿಪಾಯದ ಪಕ್ಕ ಬಾವಿ ಏನಾದ್ರೂ ಕಂಡರೆ ಒಂದು ಫೋಟೋ ನನಗೂ ಕಳಿಸಿ. ಅವ್ವ ಇನ್ನೂ ಕೇಳ್ತಾನೇ ಇದ್ದಾರೆ.