ಯಾರದ್ದೋ ಮಗು ಅಂತೆ!

ನಿನ್ನೆ ಸಾಹೇಬರು ನನ್ನ ರಜೆ ಅರ್ಜಿ ಹಿಂದಕ್ಕೆ ತಳ್ಳಿ ಹೇಳಿದ ಮಾತು ಇದು: "ಯಾರದ್ದೋ ಮಗುವಿಗೆ ನೀವ್ಯಾಕಮ್ಮ ಕೋರ್ಟಿಗೆ ಅಲೀತೀರಾ?" ರಾತ್ರಿಯೆಲ್ಲಾ ನಿದ್ದೆ ಬರಲಿಲ್ಲ.

ನಾನು ಗುಬ್ಬಿಯಲ್ಲಿ ಸರ್ಕಾರಿ ನೌಕರಳು. ನಮ್ಮ ಬೀದಿಯ ಒಂದು ಮಗುವಿನ ಪೋಕ್ಸೊ ಕೇಸು, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು, ತುಮಕೂರಿನಲ್ಲಿ ನಡೀತಿದೆ. ಜಾಸ್ತಿ ಹೇಳುವಂತಿಲ್ಲ, ಮಗುವಿನ ಗುರುತು ಬಿಟ್ಟುಕೊಡುವುದು ಕಾನೂನಿನಲ್ಲೇ ತಪ್ಪು. ತಾಯಿ ಕೂಲಿಗೆ ಹೋಗುವವಳು, ಕರಿ ಕೋಟು ಕಂಡರೇ ನಡುಗುತ್ತಾಳೆ. ಮಗು ನನ್ನ ಕೈ ಹಿಡಿದರೆ ಮಾತ್ರ ಕೋರ್ಟಿನ ಮೆಟ್ಟಿಲು ಹತ್ತುತ್ತದೆ. ಮಗುವಿಗೆ ನಂಬಿಕೆ ಇರುವ ಸ್ನೇಹಿತರು ಕೋರ್ಟಿನಲ್ಲಿ ಜೊತೆಗಿರಬಹುದು ಅಂತ 2012ರ ಪೋಕ್ಸೊ ಕಾಯ್ದೆಯ 33ನೇ ಕಲಮೇ ಹೇಳುತ್ತದೆ. ನಾನು ಹೋಗುವುದು ಅದಕ್ಕೇ.

ಒಂದೇ ದಿನಕ್ಕೆ ಮುಗಿಯುತ್ತದಾ? ಕೋರ್ಟು ಕೇಸು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ಆಗಬೇಕು ಅಂತ ಕಾಯ್ದೆಯಲ್ಲಿದೆ. ನಮಗೆ ಸಿಕ್ಕಿದ್ದು ಬರೀ ವಾಯಿದೆ. ಒಂದು ದಿನ ವಕೀಲರಿಲ್ಲ, ಇನ್ನೊಂದು ದಿನ ಜಡ್ಜ್ ಸಾಹೇಬರು ರಜೆ. ಬೆಳಗ್ಗೆ ಹೋದವರು ಮಧ್ಯಾಹ್ನದವರೆಗೆ ಕಾದು, ಮಗುವಿಗೆ ಒಂದು ಬನ್ ಕೊಡಿಸಿ ವಾಪಸ್ ಬರುವುದು. ಪ್ರತಿ ಸಲ ನನ್ನ ಒಂದು ಸಿ.ಎಲ್. (ಸಾಂದರ್ಭಿಕ ರಜೆ) ಹೋಯ್ತು. ಇರುವುದೇ ವರ್ಷಕ್ಕೆ 10. ನಾಲ್ಕನೇ ಶನಿವಾರ ರಜೆ ಕೊಟ್ಟು 2019ರಲ್ಲಿ 15ರಿಂದ ಇಳಿಸಿದರಲ್ವಾ? ಏಳು ಕೋರ್ಟಿಗೇ ಮುಗಿದವು. ಉಳಿದ ಮೂರು ನನ್ನ ಮಗನ ಜ್ವರಕ್ಕೆ.

ನೌಕರರ ಕ್ರೀಡಾಕೂಟಕ್ಕೆ ಹೋದವರಿಗೆ ಓ.ಓ.ಡಿ. ಸಿಗುತ್ತದೆ, ಅಂದರೆ ರಜೆ ಕಳೆಯದೆ ಕೆಲಸದ ಮೇಲಿದ್ದಂತೆಯೇ ಲೆಕ್ಕ. ಸಿಗಲಿ, ಬೇಡ ಅನ್ನಲ್ಲ. ಆದರೆ ಕಬಡ್ಡಿಗೆ ಇರುವ ದಾರಿ ಒಂದು ಮಗುವಿನ ಸಾಕ್ಷ್ಯಕ್ಕೆ ಯಾಕಿಲ್ಲ?

ಅಮೆರಿಕದಲ್ಲಿ ಕೋರ್ಟಿನಲ್ಲಿ ಮಕ್ಕಳ ಪರ ನಿಲ್ಲುವ ಸ್ವಯಂಸೇವಕರಿದ್ದಾರೆ. 1977ರಲ್ಲಿ ಸಿಯಾಟಲ್‌ನ ಒಬ್ಬ ನ್ಯಾಯಾಧೀಶರು ಶುರು ಮಾಡಿದ್ದು. ಟೆಕ್ಸಾಸ್‌ನಲ್ಲಿ ರಾಜ್ಯ ಸರ್ಕಾರಿ ನೌಕರರು ಈ ಕೆಲಸ ಮಾಡಿದರೆ ತಿಂಗಳಿಗೆ 5 ಗಂಟೆವರೆಗೆ ಸಂಬಳ ಸಮೇತ ಬಿಡುವು ಕೊಡಬಹುದು ಅಂತ ಕಾನೂನೇ ಇದೆ, ತರಬೇತಿಗೂ ಸೇರಿ. ಐದೇ ಗಂಟೆ! ಗುಬ್ಬಿಯಿಂದ ತುಮಕೂರಿಗೆ ಹೋಗಿ, ಕಾದು, ಮಗುವನ್ನು ಮನೆಗೆ ಬಿಡಲು ನನಗೆ ಅಷ್ಟು ಸಿಕ್ಕಿದ್ದರೂ ಸಾಕಿತ್ತು.

ಗುರುವಾರ ಮತ್ತೆ ವಾಯಿದೆ ಇದೆ. ಗಳಿಕೆ ರಜೆ ಕೇಳಿದರೆ "ಕಾರಣ ಸಮರ್ಪಕವಾಗಿಲ್ಲ" ಅಂತ ಬರೆದು ಕಳಿಸಿದ್ದಾರೆ. ಸಂಬಳ ಹಿಡಿಯುವುದಾದರೆ ಹಿಡಿಯಲಿ. ಎಂಟರ ಬಸ್ಸಿಗೆ ನಾನು ಆ ಮಗುವಿನ ಜೊತೆ ಹತ್ತೇ ಹತ್ತುತ್ತೇನೆ.